ಸತ್ಯಾಂಶ: ಹೈಡ್ರೋಸ್ಟಾಟಿಕ್ ಆಯಿಲ್ ಮೊದಲ ಸಲ ಯಾವಾಗ ಬದಲಿಸಬೇಕು?

ಹೊಸ ಕಾಂಪ್ಯಾಕ್ಟ್ (ಚಿಕ್ಕ) ಟ್ರ್ಯಾಕ್ಟರಿನ ಹೈಡ್ರೋಸ್ಟಾಟಿಕ್ ಆಯಿಲ್ಲನ್ನು (ಆಯಿಲ್ ಒತ್ತಡದಿಂದ ಚಕ್ರಗಳಿಗೆ ಶಕ್ತಿ ಮುಟ್ಟಿಸುವ ಟ್ರಾನ್ಸ್‌ಮಿಷನ್ನಿನ ಆಯಿಲ್) 300-400 ಗಂಟೆ ಓಡುವವರೆಗೆ ಮುಟ್ಟಲೇಬೇಡಿ ಅನ್ನೋ ಮೆಸೇಜ್ ಆಗಾಗ ಬರುತ್ತಿರುತ್ತದೆ. ಕಳಿಸುವವರು ಸುಮ್ನೆ ಖರ್ಚು ಬೇಡ ಅಂತಲೇ ಕಳಿಸುತ್ತಾರೆ. ಆದರೆ ಇದು ತಪ್ಪು. ಅದು ಸಾಮಾನ್ಯವಾಗಿ ಆಮೇಲಿನ ಬದಲಾವಣೆಗಳ ಲೆಕ್ಕ, ಮೊದಲ ಸರ್ವೀಸ್ ಬಹಳಷ್ಟು ಮಾಡೆಲ್‌ಗಳಲ್ಲಿ 50 ಗಂಟೆಗೇ ಬರುತ್ತದೆ.

ಹೊಸ ಗೇರು, ಬೇರಿಂಗುಗಳು ಉಜ್ಜಿಕೊಂಡು ಹೊಂದಿಕೊಳ್ಳುವಾಗ ಲೋಹದ ಪುಡಿ ಉದುರುತ್ತದೆ, ಮ್ಯಾಗ್ನೆಟ್ ಇರುವ ಫಿಲ್ಟರ್ ಬಿಚ್ಚಿದರೆ ಅದು ಬೂದು ಬಣ್ಣದ ಪೇಸ್ಟಿನ ಹಾಗೆ ಅಂಟಿರುವುದು ಕಾಣುತ್ತದೆ, ಈ ಟ್ರಾನ್ಸ್‌ಮಿಷನ್ನಿನ ಪಂಪಿನ ಪಿಸ್ಟನ್ ಸುತ್ತಲಿನ ಸಂದು ತೀರಾ ಕಿರಿದಾದ್ದರಿಂದ ಅಷ್ಟು ಪುಡಿಯೂ ಗೀರು ಹಾಕಬಲ್ಲದು.

ಕೆಲವು ಮಾಡೆಲ್‌ಗೆ ಮೊದಲ ಸರ್ವೀಸ್‌ನಲ್ಲಿ ಫಿಲ್ಟರ್ ಮಾತ್ರ ಬದಲಿಸಿದರೆ ಸಾಕು, ಕೆಲವಕ್ಕೆ ಆಯಿಲೂ ಬದಲಿಸಬೇಕು. ನಿಮ್ಮ ಮ್ಯಾನ್ಯುಯಲ್‌ನ ಮೇಂಟೆನೆನ್ಸ್ ಚಾರ್ಟ್ ತೆಗೆದು ಅವರ್ ಮೀಟರ್ (ಟ್ರ್ಯಾಕ್ಟರ್ ಎಷ್ಟು ಗಂಟೆ ಓಡಿದೆ ಅಂತ ತೋರಿಸುವ ಮೀಟರ್) ಜೊತೆ ಹೋಲಿಸಿ ನೋಡಿ. ಯಾವ ಆಯಿಲ್, ಎಷ್ಟು ಲೀಟರ್ ಅನ್ನೋದೂ ಅದರಲ್ಲೇ ಇರುತ್ತದೆ.