ಗಜಾಲಿ ಲಾಜಿಕ್ ನಿಷೇಧ ಮಾಡಿದ್ರು ಅನ್ನೋ ಫಾರ್ವರ್ಡ್ ಬಗ್ಗೆ

ಮಡಿಕೇರಿ, ವಿರಾಜಪೇಟೆ ಕಡೆ ವಾಟ್ಸಾಪಲ್ಲಿ ಒಂದು ಫಾರ್ವರ್ಡ್ ಓಡಾಡ್ತಿದೆ, ಏಕದೇವ ಧರ್ಮಗಳಿಗೂ ಫಿಲಾಸಫಿಗೂ ಆಗಿಬರಲ್ಲ, ಅಲ್-ಗಜಾಲಿ ಅನ್ನೋ ಮುಸ್ಲಿಂ ಧರ್ಮಪಂಡಿತರು ಲಾಜಿಕ್ಕು ಗಣಿತ ಎಲ್ಲಾ ನಿಷೇಧಿಸಿ ಇಸ್ಲಾಮಲ್ಲಿ ಅದರ ಕಥೆ ಮುಗಿಸಿದ್ರು ಅಂತ. ಹಾಗಲ್ಲ ಮಾರಾಯ್ರೇ. 1111ರಲ್ಲಿ ತೀರಿಕೊಂಡ ಗಜಾಲಿ ತತ್ವಜ್ಞಾನಿಗಳ 20 ವಾದ ಎತ್ಕೊಂಡು ಜಾಡಿಸಿದ್ದು ನಿಜ, ಆದ್ರೆ ಧರ್ಮಕ್ಕೇ ವಿರುದ್ಧ ಅಂದಿದ್ದು ಮೂರನ್ನ ಮಾತ್ರ: ಜಗತ್ತು ಅನಾದಿ, ದೇವರಿಗೆ ಬಿಡಿಬಿಡಿ ಸಂಗತಿ ಗೊತ್ತಾಗಲ್ಲ, ಸತ್ತೋರು ದೇಹ ಸಮೇತ ಏಳಲ್ಲ ಅನ್ನೋವು, ಲಾಜಿಕ್ ಬೇಕೇ ಬೇಕು ಅಂದವರೂ ಅವರೇ. ಆಮೇಲೆ ಸ್ಪೇನಿನ ಕೊರ್ದೋಬಾದ ಮುಸ್ಲಿಂ ತತ್ವಜ್ಞಾನಿ ಇಬ್ನ್ ರುಶ್ದ್ ಗಜಾಲಿಯ ಆ ಟೀಕೆಗೆ ಉತ್ತರ ಬರೆದ್ರು, ಅದೇ ಊರಲ್ಲಿ ಹುಟ್ಟಿದ ಯಹೂದಿ ಚಿಂತಕ ಮೈಮೊನಿಡೀಸನ್ನೂ ಸೇರಿಸಿ ಇಬ್ಬರನ್ನೂ ಓದ್ಕೊಂಡೇ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ವಾದ ಕಟ್ಟಿದ್ದು. ನಿಷೇಧದ ಲಿಸ್ಟೇ ಬೇಕಂದ್ರೆ 1277ರಲ್ಲಿ ಪ್ಯಾರಿಸ್ ಬಿಷಪ್ 219 ವಾದಗಳನ್ನ ಕಲಿಸಬಾರದು ಅಂದಿದ್ದಿದೆ (ಫಾರ್ವರ್ಡ್ ಬರೆದವರಿಗೆ ಇದು ಯಾಕೋ ಕಂಡಿಲ್ಲ). ಇರಾನಲ್ಲಂತೂ 17ನೇ ಶತಮಾನದಲ್ಲೂ ಮುಲ್ಲಾ ಸದ್ರಾ ಫಿಲಾಸಫಿ ಬರೀತಿದ್ರು.