ಸ್ಪಷ್ಟನೆ: ಅಂಧರ ಕೋಡನ್ನು ಪಕ್ಕದವರು ಬರೆದುಕೊಡುವುದಿಲ್ಲ

ಪುಣೆ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿನದನ್ನು ಅಂಧರಿಗೆ ಓದಿ ಹೇಳುವ ಸಾಫ್ಟ್‌ವೇರ್ ಬಗ್ಗೆ ಒಂದು ಸಂದೇಶ ಓಡಾಡುತ್ತಿದೆ: ‘ಸ್ಕ್ರೀನ್ ರೀಡರ್ ಇಮೇಲ್ ಓದುವುದಕ್ಕಷ್ಟೇ. ಅಂಧರ ಕೋಡನ್ನು ಪಕ್ಕದವರು ಬರೆದುಕೊಡುತ್ತಾರೆ. ಪಾಸ್‌ವರ್ಡನ್ನೂ ಅದು ಜೋರಾಗಿ ಓದುತ್ತದೆ, ಸೈಬರ್ ಭದ್ರತೆಯ ಕೆಲಸ ಅವರಿಗೆ ಕೊಡಬಾರದು.’ ಇದು ಪೂರ್ತಿ ತಪ್ಪು.

ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರನ್ನು 2006ರಲ್ಲಿ ಶುರುಮಾಡಿದ ಆಸ್ಟ್ರೇಲಿಯಾದ ಮೈಕೆಲ್ ಕರನ್ ಸ್ವತಃ ಅಂಧರು. ಅದರ ಬಹುಪಾಲು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ. ಪೈಥಾನ್‌ನಲ್ಲಿ ಸಾಲಿನ ಮುಂದಿನ ಖಾಲಿ ಜಾಗ ತಪ್ಪಿದರೆ ಪ್ರೋಗ್ರಾಂ ಕೆಡುತ್ತದೆ. ಕಾಣದವರು ಅದನ್ನು ಹಿಡಿಯುವುದು ಹೇಗೆ? ಸೆಟ್ಟಿಂಗ್‌ನಲ್ಲಿ ಆಯ್ಕೆ ಮಾಡಿಟ್ಟರೆ, ಸಾಲಿಗೆ ಇಳಿದ ಕೂಡಲೇ ರೀಡರ್ ‘ನಾಲ್ಕು ಸ್ಪೇಸ್’ ಎನ್ನುತ್ತದೆ. ಬೇಕಿದ್ದರೆ ಮಾತಿನ ಬದಲು ಬೀಪ್ ಇಟ್ಟುಕೊಳ್ಳಬಹುದು: ಜಾಗ ಹೆಚ್ಚಿದಂತೆ ಸ್ವರ ಏರುತ್ತಾ ಎಡಗಿವಿಯಿಂದ ಬಲಗಿವಿಗೆ ಸರಿಯುತ್ತದೆ.

ಪಾಸ್‌ವರ್ಡ್ ಖಾನೆಯಲ್ಲಿ ಅಕ್ಷರದ ಬದಲು ‘ಸ್ಟಾರ್’ ಎಂದಷ್ಟೇ ಕೇಳಿಸುತ್ತದೆ, ಹೆಡ್‌ಫೋನ್ ಹಾಕಿಕೊಂಡರೆ ಅದೂ ಬೇರೆಯವರಿಗೆ ಕೇಳದು. ಸ್ಕ್ರೀನ್ ಕರ್ಟನ್ ಹಾಕಿದರೆ ಪರದೆಯೇ ಕಪ್ಪಾಗುತ್ತದೆ; ಬೆನ್ನ ಹಿಂದಿನಿಂದ ಇಣುಕುವವರಿಗೆ ಏನೂ ಸಿಗದು. ಭದ್ರತೆಯ ಕೆಲಸದಲ್ಲಿ ನೋಡುವ ಲಾಗ್ ಫೈಲು (ಕಂಪ್ಯೂಟರಿನ ಚಟುವಟಿಕೆಯ ದಾಖಲೆ), ನೆಟ್‌ವರ್ಕ್ ಪರಿಶೀಲಿಸುವ ಎನ್‌ಮ್ಯಾಪ್‌ನಂಥ, ಆಜ್ಞೆ ಟೈಪ್ ಮಾಡಿ ನಡೆಸುವ ಕಮಾಂಡ್ ಲೈನ್ ಸಾಧನಗಳು ಬರೀ ಪಠ್ಯ, ಕಿವಿಗೆ ಸಲೀಸು. ನಿಜವಾಗಿ ಕಾಡುವುದು ಲೇಬಲ್ ಇಲ್ಲದ ಬಟನ್, ಬಳಸುವವರು ಮನುಷ್ಯರೇ ಎಂದು ಪರೀಕ್ಷಿಸುವ ಚಿತ್ರದ ಕ್ಯಾಪ್ಚಾ, ಬರೀ ಗ್ರಾಫ್ ತುಂಬಿದ ಡ್ಯಾಶ್‌ಬೋರ್ಡ್. ಅದು ಸಾಫ್ಟ್‌ವೇರ್ ಮಾಡಿದವರ ಲೋಪ.

ದೂರದ ಉದಾಹರಣೆಯೂ ಬೇಡ. ಪುಣೆಯಲ್ಲೇ ಹುಟ್ಟಿ, ಹದಿಹರೆಯದಲ್ಲಿ ದೃಷ್ಟಿ ಕಳೆದುಕೊಂಡು, ಇಲ್ಲಿಯ ವಿಶ್ವವಿದ್ಯಾಲಯದಲ್ಲೂ ಐಐಟಿ ಬಾಂಬೆಯಲ್ಲೂ ಓದಿದ ಟಿ.ವಿ. ರಾಮನ್ 1990ರ ದಶಕದಲ್ಲೇ, ಕೋಡ್ ಬರೆಯಲು ಬಳಸುವ ಈಮ್ಯಾಕ್ಸ್ ಎಡಿಟರಿಗೆ ದನಿ ಕೊಡುವ ಈಮ್ಯಾಕ್‌ಸ್ಪೀಕ್ ಬರೆದರು. ಮುಂದೆ ಗೂಗಲ್ ಸೇರಿದರು.

ಆ ಸಂದೇಶ ಕಳಿಸಿದವರು ದಯವಿಟ್ಟು ಅದೇ ಗುಂಪಿನಲ್ಲಿ ಈ ತಿದ್ದುಪಡಿಯನ್ನೂ ಹಾಕಿ. ಕೆಲಸ ಹುಡುಕುತ್ತಿರುವ ನಮ್ಮ ಅಂಧ ಹುಡುಗ ಹುಡುಗಿಯರೂ ಅಲ್ಲೇ ಇದ್ದಾರೆ, ಅವರನ್ನು ಸಂದರ್ಶನಕ್ಕೆ ಕರೆಯಬೇಕಾದವರೂ ಇದ್ದಾರೆ.