ಸೀಟಿ ಊದುವ ಮೊದಲೇ ಎದ್ದು ಹೋಗುವವರು

2024ರ ಡಿಸೆಂಬರ್ 7ರಂದು ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡವು ಕೇರಳ ಬ್ಲಾಸ್ಟರ್ಸ್ ವಿರುದ್ಧ 4-2ರಿಂದ ಗೆದ್ದಿತು. ಎರಡು ಗೋಲುಗಳ ಮುನ್ನಡೆ ಕರಗಿ ಪಂದ್ಯ ಸಮಬಲಕ್ಕೆ ಬಂದಾಗ ಎದೆ ಡವಗುಟ್ಟಿತ್ತು. 40 ವರ್ಷದ ಸುನಿಲ್ ಚೆಟ್ರಿ ಮತ್ತೆ ಮುನ್ನಡೆ ತಂದಾಗ ಅಭಿಮಾನಿಗಳ ಕೂಗಿಗೆ ಕಾಲಡಿಯ ಕಾಂಕ್ರೀಟೇ ಕಂಪಿಸಿದಂತಾಯಿತು. ಆದರೆ 90ನೇ ನಿಮಿಷ ಹತ್ತಿರವಾಗುತ್ತಲೇ, ಟ್ರಾಫಿಕ್‌ಗೆ ಸಿಕ್ಕಿಕೊಳ್ಳಬಾರದೆಂದು ನಮ್ಮ ಸಾಲಿನವರು ಬೈಕಿನ ಕೀ ಹಿಡಿದು, ಒಬ್ಬೊಬ್ಬರಾಗಿ ನಮ್ಮ ಮೊಣಕಾಲುಗಳನ್ನು ಒತ್ತಿಕೊಂಡು ಹೊರಟರು. ಓಟದ ಟ್ರ್ಯಾಕಿನಿಂದಾಗಿ ಅಲ್ಲಿ ಮೊದಲೇ ಮೈದಾನ ದೂರ. 90 ನಿಮಿಷದ ಬಳಿಕ ಸೇರಿಸುವ ಇಂಜುರಿ ಟೈಮಿನಲ್ಲಿ ಚೆಟ್ರಿ ಹ್ಯಾಟ್ರಿಕ್ ಪೂರೈಸಿದ ಗೋಲು ನನಗೆ ಕಂಡದ್ದು ಯಾರದೋ ಬ್ಯಾಗಿನ ಅಂಚಿನಿಂದ, ಅದೂ ಅರ್ಧ. ಬೇಗ ಹೋಗುವ ಹಕ್ಕು ಅವರಿಗಿದೆ, ಒಪ್ಪುತ್ತೇನೆ. ಚೆಂಡು ಹೊರಗೆ ಹೋಗುವವರೆಗಾದರೂ ಕಾದು ಏಳಬಾರದೇ?